ತೂಬಿನ ಹಲಗೆ ಯಾರ ಕೈಯಲ್ಲಿ?

(ಕಳೆದ ರವಿವಾರ ಸಂಜೆ ಗಿರಣಿ ಕಾರ್ಮಿಕರ ಸಂಘದ ಕಚೇರಿಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆಯ ವಿಷಯವನ್ನು ಸಂಘದ ಬಾಗಿಲಲ್ಲಿ ಬರೆದು ಹಾಕಿದಾಗ ಕೆಲವರು ನಕ್ಕರೆಂದು ಕೇಳಿದೆ. ಬೋನಸ್ಸಿನ ಮಾತು ಬಿಟ್ಟು ಮಾಸ್ತರರು ಮೀನಿನ ಮಾತಿಗೆ ಹೊರಟರು ಎಂದರಂತೆ. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರಿಗೊಂದು ಮಾತು ಕೇಳುತ್ತೇನೆ. ಈ ನಾಡಿನ ಗಿರಣಿಗಳ ಮಗ್ಗ ತಿರುಗಿದ್ದು ಯಾವ ಕರೆಂಟಿನಿಂದ? ಬಹುಕಾಲ ಅದರ ದೊಡ್ಡ ಪಾಲು ಶರಾವತಿಯದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಮನೆಮಠ ಮುಳುಗಿಸಿಕೊಂಡ ರೈತರ ಕಥೆ ನಿಮಗೆ ಗೊತ್ತು, ಈ ಪತ್ರಿಕೆಯವರೂ ಬರೆದಿದ್ದಾರೆ. ಆದರೆ ಅಣೆಕಟ್ಟಿನ ಕೆಳಗೆ, ಹೊನ್ನಾವರದ ಹತ್ತಿರ ಹೊಳೆ ಸಮುದ್ರ ಸೇರುವಲ್ಲಿ ಏನಾಯಿತೆಂಬುದನ್ನು ಕೇಳಿದವರು ಕಡಿಮೆ.

ಅಲ್ಲಿ ಯಾರ ಮನೆಯೂ ಮುಳುಗಲಿಲ್ಲ. ಅಲ್ಲಿ ಉಪ್ಪು ಹೋಯಿತು.

ಹೊಳೆ ಸಮುದ್ರ ಸೇರುವ ಜಾಗಕ್ಕೆ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ದಿನಕ್ಕೆ ಎರಡು ಸಲ ಭರತ ಬಂದಾಗ ಸಮುದ್ರದ ನೀರು ಹೊಳೆಯೊಳಗೆ ಮೈಲುಗಟ್ಟಲೆ ನುಗ್ಗುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು, ನೀರು ಸಿಹಿ. ಬೇಸಿಗೆಯಲ್ಲಿ ಸಮುದ್ರದ ಕೈ ಮೇಲು, ನೀರು ಉಪ್ಪು. ಈ ಕೊಡುಕೊಳ್ಳುವಿಕೆಗೆ ಒಗ್ಗಿಕೊಂಡೇ ಅಲ್ಲಿಯ ಜೀವಜಂತುಗಳು ಬದುಕುತ್ತವೆ. ಸಿಗಡಿಯನ್ನೇ ನೋಡಿ. ಅದು ಮೊಟ್ಟೆಯಿಡುವುದು ಸಮುದ್ರದಲ್ಲಿ. ಎಳೆಯ ಮರಿಗಳು ಭರತದೊಡನೆ ಅಳಿವೆಗೆ ಬಂದು, ಕಾಂಡ್ಲಾ ಗಿಡದ ಬೇರಿನ ಸಂದಿಯಲ್ಲಿ ಅಡಗಿ, ಕೊಳೆತ ಎಲೆಯ ಕಸ ತಿಂದು ಬೆಳೆದು, ಮತ್ತೆ ಸಮುದ್ರಕ್ಕೆ ಹೋಗುತ್ತವೆ. ಅಳಿವೆ ಕೆಟ್ಟರೆ ಹೊಳೆಯ ಅಂಬಿಗನಷ್ಟೇ ಅಲ್ಲ, ದೂರ ಸಮುದ್ರದಲ್ಲಿ ಬಲೆ ಬೀಸುವವನೂ ಬರಿಗೈಯಲ್ಲಿ ಬರುತ್ತಾನೆ.

ಶರಾವತಿಯಲ್ಲಿ ಯಂತ್ರ ತಿರುಗಿಸಿದ ನೀರನ್ನು ಬೇಸಿಗೆಯಲ್ಲೂ ಪ್ರತಿದಿನ ಕೆಳಕ್ಕೆ ಬಿಡಬೇಕು. ಅದರಿಂದ ಅಳಿವೆ ವರ್ಷದ ಹನ್ನೆರಡು ತಿಂಗಳೂ ಸಿಹಿನೀರಿನ ಕಡೆಗೇ ವಾಲಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಉತ್ತರ ಕನ್ನಡದ ನಾಲ್ಕು ಅಳಿವೆಗಳನ್ನು ಹೋಲಿಸಿದ್ದಾರೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಮೊದಲನೆಯದಕ್ಕೂ ಕೊನೆಯದಕ್ಕೂ ದೊಡ್ಡ ಅಣೆಕಟ್ಟುಗಳಿವೆ, ನಡುವಿನ ಎರಡಕ್ಕೆ ಇಲ್ಲ. ಶರಾವತಿಯಲ್ಲಿ ಬಡವರು ಹೆಕ್ಕಿ ತಿನ್ನುತ್ತಿದ್ದ ಬಳಚಿನ ಹೆಚ್ಚಿನ ಜಾತಿಗಳೇ ಇಲ್ಲವಾದವೆಂದು ಅವರು ಕಂಡುಕೊಂಡರು. ಗಟ್ಟದ ಮೇಲಿನವರಿಗೆ ಬಳಚು ಎಂದರೆ ತಿಳಿಯಲಿಕ್ಕಿಲ್ಲ. ಎರಡು ಚಿಪ್ಪಿನ ನಡುವೆ ಮೆತ್ತನೆಯ ಮಾಂಸವಿರುವ ಸಣ್ಣ ಜೀವ ಅದು, ಹೊಳೆಯ ಮರಳು ಮಿಶ್ರಿತ ಕೆಸರಿನಲ್ಲಿ ಇರುತ್ತದೆ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಹೋದ ಹೆಂಗಸಿಗೆ ಅಂದಿನ ಸಾರು, ಮರುದಿನದ ಕಾಸು, ಎರಡನ್ನೂ ಅದೇ ಕೊಡುತ್ತದೆ. ಅದಕ್ಕೆ ದೋಣಿ ಬೇಡ, ಬಲೆ ಬೇಡ, ಸಾಲ ಬೇಡ.

ನಾವು ದೀಪ ಹಚ್ಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ದೀಪ ಬೇಕು. ಆದರೆ ಅದರ ಬಿಲ್ಲನ್ನು ಯಾರೋ ಕಟ್ಟಿದ್ದಾರೆ, ನಮಗೆ ಅವರ ಹೆಸರೂ ಗೊತ್ತಿಲ್ಲ. ಆದ್ದರಿಂದ ಇನ್ನೂ ಉಳಿದಿರುವ ಅಳಿವೆಯ ವಿಷಯವನ್ನು ನೀವು ಕೇಳಬೇಕೆಂದು ಈ ಸಂಜೆ ನಿಂತಿದ್ದೇನೆ.

ಅಘನಾಶಿನಿ ಹೊಳೆ ಸಿರ್ಸಿಯ ಕಡೆ ಹುಟ್ಟುತ್ತದೆ. ಉಂಚಳ್ಳಿಯಲ್ಲಿ ಬಂಡೆಯಿಂದ ಧುಮುಕಿ, ಗಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಬಾಯಿಯ ತೆಂಕಣ ದಂಡೆಯಲ್ಲಿ ಅಘನಾಶಿನಿ ಗ್ರಾಮ, ಬಡಗಣ ದಂಡೆಯಲ್ಲಿ ತದಡಿ. ಆ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ನಾನು ಕೆಲವು ವರ್ಷ ಮಾಸ್ತರಿಕೆ ಮಾಡಿದೆ. ಹೋದ ಹೊಸದರಲ್ಲಿ ಹಾಜರಿ ಪುಸ್ತಕ ನೋಡಿ ನನಗೆ ತಲೆಕೆಡುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಅರ್ಧ ತರಗತಿ ಖಾಲಿ. ದೇವರಕಾರ್ಯವಿರಬೇಕೆಂದುಕೊಂಡೆ. ಒಬ್ಬ ಮುದುಕಿ ನಕ್ಕು ಹೇಳಿದಳು: “ದೇವರಲ್ಲ ಮಾಸ್ತರೆ, ಆ ದಿವಸ ಹೊಳೆ ಭಾರಿ ಇಳಿಯುತ್ತದೆ. ಬಳಚಿನ ನೆಲ ಬಿಚ್ಚುತ್ತದೆ.” ಭೂಗೋಳ ಕಲಿಸುತ್ತಿದ್ದವನಿಗೆ ಪಂಚಾಂಗಕ್ಕೂ ಹಾಜರಿಗೂ ಇದ್ದ ಸಂಬಂಧ ಗೊತ್ತಿರಲಿಲ್ಲ.

ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22000 ಟನ್ನು ಬಳಚು, ಕಲ್ವ ಮುಂತಾದ ಚಿಪ್ಪಿನ ಜೀವಿ ತೆಗೆಯುತ್ತಾರೆ, ಈ ಕೆಲಸದಲ್ಲಿ 2300ಕ್ಕೂ ಹೆಚ್ಚು ಜನರಿದ್ದಾರೆ ಎಂದು ಅದೇ ವಿಜ್ಞಾನಿಗಳು 2000ದ ದಶಕದ ಕೊನೆಯಲ್ಲಿ ಲೆಕ್ಕ ಹಾಕಿದ್ದರು. ಪೇಟೆಯ ಮಿತ್ರರೆ, ಯಾವ ಸೇಠನ ಬಂಡವಾಳವೂ ಇಲ್ಲದೆ, ಬರಿಗೈಯಿಂದ ಇಷ್ಟು ಮಾಲು ಹುಟ್ಟಿಸುವ ಇನ್ನೊಂದು ಕಾರಖಾನೆ ನಿಮಗೆ ಗೊತ್ತಿದ್ದರೆ ಹೇಳಿ.

ಈಗ ಗಜನಿಯ ಮಾತಿಗೆ ಬರುತ್ತೇನೆ. ಈ ಕಥೆಯ ಗಂಟು ಇರುವುದು ಅಲ್ಲಿ.

ಹೊಳೆಯ ಅಂಚಿನ ತಗ್ಗು ನೆಲಕ್ಕೆ ಮಣ್ಣಿನ ಒಡ್ಡು ಹಾಕಿ, ಒಡ್ಡಿನಲ್ಲಿ ಅಲ್ಲಲ್ಲಿ ತೂಬು ಇಟ್ಟು, ತೂಬಿಗೆ ಮರದ ಹಲಗೆ ಸೇರಿಸಿ ಹಿಂದಿನವರು ಸಾಗುವಳಿ ಮಾಡಿದರು. ಆ ಗದ್ದೆಗೆ ಗಜನಿ ಎಂದು ಹೆಸರು. ಮಳೆ ಹಿಡಿದ ಮೇಲೆ ಇಳಿತದಲ್ಲಿ ಹಲಗೆ ಎತ್ತುವುದು, ಭರತದಲ್ಲಿ ಇಳಿಸುವುದು. ಹೀಗೆ ಮಾಡುತ್ತ ಹೋದರೆ ಮಳೆನೀರು ನೆಲದ ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಆಮೇಲೆ ಮೊಳಕೆ ಬಂದ ಕಗ್ಗದ ಬೀಜ ಬಿತ್ತುತ್ತಾರೆ. ಕಗ್ಗ ಎಂಬುದು ಉಪ್ಪು ತಡೆಯುವ ಭತ್ತ. ಎತ್ತರಕ್ಕೆ ಬೆಳೆಯುತ್ತದೆ, ನಾಲ್ಕು ದಿನ ನೆರೆಯಲ್ಲಿ ನಿಂತರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ದಂಟನ್ನು ಹಾಗೆಯೇ ಬಿಡುತ್ತಾರೆ. ಬಳಿಕ ಹಲಗೆ ಎತ್ತುತ್ತಾರೆ. ಉಪ್ಪುನೀರಿನೊಡನೆ ಸಿಗಡಿ ಮರಿ, ಮೀನಿನ ಮರಿ ಒಳಗೆ ಬಂದು ಕೊಳೆತ ದಂಟಿನಲ್ಲಿ ಹೊಟ್ಟೆ ಹೊರೆಯುತ್ತವೆ. ಅಮಾವಾಸ್ಯೆ ಹುಣ್ಣಿಮೆಗೆ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಮೀನು. ಬೆಳ್ಳಕ್ಕಿ, ಕಡಲಹಕ್ಕಿ, ಚಳಿಗಾಲದಲ್ಲಿ ದೂರದೇಶದಿಂದ ಬಂದ ಹಕ್ಕಿಗಳು ಅದೇ ಗದ್ದೆಯಲ್ಲಿ ಮೇಯುತ್ತವೆ. ಸಂಜೆ ಒಡ್ಡಿನ ಮೇಲೆ ಹೋಗುವಾಗ ನೀರುನಾಯಿಯ ಸಂಸಾರವೊಂದು ಕಾಂಡ್ಲಾದ ಬುಡದಿಂದ ತಲೆಯೆತ್ತಿ ನನ್ನನ್ನು ನೋಡಿದ್ದುಂಟು, ತೆರಿಗೆ ವಸೂಲಿಗೆ ಬಂದವನನ್ನು ನೋಡಿದ ಹಾಗೆ.

ಒಂದೇ ನೆಲ. ಆರು ತಿಂಗಳು ಅಕ್ಕಿ, ಆರು ತಿಂಗಳು ಮೀನು. ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡ, ಅದರ ಬೇರು ಮಣ್ಣನ್ನು ಹಿಡಿಯುತ್ತಿತ್ತು. ಪ್ರತಿವರ್ಷ ಊರವರು ಕೂಡಿ ಹೊಳೆಯ ಕೆಸರು ಎತ್ತಿ ಒಡ್ಡಿಗೆ ಮೆತ್ತುತ್ತಿದ್ದರು. ಇದನ್ನು ನಾನು ಸ್ವರ್ಗವೆಂದು ಹೊಗಳುವುದಿಲ್ಲ. ಒಡೆಯನ ಗದ್ದೆಗೆ ಗೇಣಿದಾರ ಕೆಸರು ಹೊತ್ತ ಕಾಲ ಅದು. ಹಾಲಕ್ಕಿ ಒಕ್ಕಲಿಗರ, ಪಟಗಾರರ, ಅಂಬಿಗರ ಬೆವರಿಗೆ ಸಿಕ್ಕಿದ್ದು ಎಷ್ಟೆಂದು ಅವರ ಮುದುಕರನ್ನು ಕೇಳಿ.

1970ರ ದಶಕದಲ್ಲಿ ಎರಡು ಸಂಗತಿ ನಡೆದವು. ಸರಕಾರ ಖಾರ್ಲ್ಯಾಂಡ್ ಯೋಜನೆಯಲ್ಲಿ ಮಣ್ಣಿನ ಒಡ್ಡಿನ ಬದಲು ಕಲ್ಲಿನ ಒಡ್ಡು ಕಟ್ಟಿಸಿತು. 1974ರ ಭೂಸುಧಾರಣೆಯಿಂದ ಉಳುವವನು ಒಡೆಯನಾದ. ಎರಡನೆಯದು ನ್ಯಾಯ, ಅದಕ್ಕಾಗಿ ನಮ್ಮ ಹಿರಿಯರು ಸೆರೆಮನೆ ಕಂಡಿದ್ದಾರೆ. ಮೊದಲನೆಯದೂ ಒಳ್ಳೆಯ ಮನಸ್ಸಿನಿಂದಲೇ ಆಗಿರಬಹುದು. ಆದರೆ ಕಲ್ಲು ಬಂದ ಮೇಲೆ ಕಾಂಡ್ಲಾ ಯಾರಿಗೆ ಬೇಕು? ಗಿಡ ಹೋಯಿತು. ಒಡ್ಡು ಸರಕಾರದ್ದು ಎಂದಾದ ಮೇಲೆ ಕೆಸರು ಹೊರುವ ಕೂಡುಕೆಲಸವೂ ನಿಂತಿತು. ಇನ್ನು ಭೂಮಿ ನೂರಾರು ಸಣ್ಣ ತುಂಡಾಗಿ ನೂರಾರು ಕೈಗೆ ಬಂತು, ಸರಿಯೇ. ಆದರೆ ಅಷ್ಟೂ ತುಂಡಿಗೆ ಒಡ್ಡು ಒಂದೇ, ತೂಬು ಒಂದೆರಡೇ. ನಾವು ಪಹಣಿ ಹಂಚಿದೆವು, ತೂಬಿನ ಹಲಗೆ ಯಾರ ಕೈಯಲ್ಲಿರಬೇಕೆಂಬುದನ್ನು ಯೋಚಿಸಲಿಲ್ಲ. ಇದು ನಮ್ಮ ಚಳವಳಿಯ ತಪ್ಪು ಎಂದೇ ನಾನು ಹೇಳುತ್ತೇನೆ. ಸಭೆಯಲ್ಲಿರುವ ಹಿರಿಯರು ಕ್ಷಮಿಸಬೇಕು.

ಆ ಖಾಲಿ ಜಾಗಕ್ಕೆ ಬಂದವನು ಸಿಗಡಿಯ ಗುತ್ತಿಗೆದಾರ. ಪರದೇಶಕ್ಕೆ ಹೋಗುವ ಸಿಗಡಿಗೆ ಬಂಗಾರದ ಬೆಲೆ ಬಂದಿತ್ತು. ಸಿಗಡಿಗೆ ವರ್ಷವಿಡೀ ಉಪ್ಪುನೀರು ಬೇಕು. ಮಳೆಗಾಲದಲ್ಲೂ ಹಲಗೆ ಅವನು ಹೇಳಿದಂತೆ ಏಳಬೇಕು. ಕಗ್ಗ ನಿಂತಿತು. ಹಿಂದೆ ತೂಬಿನ ಆಚೀಚೆ ಗಾಳ, ಬಲೆ ಹಾಕಿ ಬದುಕುತ್ತಿದ್ದ ಭೂಮಿಯಿಲ್ಲದ ಬಡವನಿಗೆ ಒಡ್ಡಿನ ಮೇಲೆ ಕಾಲಿಡಲೂ ಅಪ್ಪಣೆ ಇಲ್ಲವಾಯಿತು. 1990ರ ದಶಕದಲ್ಲಿ ದೇಶದ ಕರಾವಳಿಯುದ್ದಕ್ಕೂ ಸಿಗಡಿಗೆ ರೋಗ ಬಿತ್ತು. ತಮಿಳುನಾಡಿನ ಸರ್ವೋದಯ ಮುಖಂಡ ಜಗನ್ನಾಥನ್ ಅವರು ತಂದ ದಾವೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು: ಸಮುದ್ರದಂಡೆಯ ಕಾಯ್ದಿಟ್ಟ ಪಟ್ಟಿಯಲ್ಲಿ ಸಾಂಪ್ರದಾಯಿಕ ಪದ್ಧತಿ ಮತ್ತು ಅದರ ಸುಧಾರಿತ ರೂಪ ಬಿಟ್ಟು ಬೇರೆ ಸಿಗಡಿ ಕೊಳ ಕೂಡದು. ಬಡವರು ಗೆದ್ದರೆಂದುಕೊಂಡೆವು. 2005ರಲ್ಲಿ ಸಂಸತ್ತು ಬೇರೆ ಕಾಯ್ದೆ ಮಾಡಿ, ಲೈಸೆನ್ಸಿನ ಕಟ್ಟಳೆ ಹಾಕಿ, ಕೊಳಗಳಿಗೆ ಮತ್ತೆ ದಾರಿ ಬಿಟ್ಟಿತು.

ಇಲ್ಲಿ ನನ್ನ ಸ್ವಂತದ ಒಂದು ಮಾತು ಹೇಳಲೇಬೇಕು. ಬೇರೆಯವರ ತಪ್ಪು ಹೇಳುವ ಬಾಯಿ ತನ್ನದನ್ನು ನುಂಗಬಾರದು.

2013ರಲ್ಲಿ ನಮ್ಮ ಹಳ್ಳಿಯ ಗಜನಿಯನ್ನು ಹೊರಗಿನವನೊಬ್ಬ ಗುತ್ತಿಗೆಗೆ ಕೇಳಿದ. ಊರವರು ಕಾಗದ ಹಿಡಿದು ನನ್ನ ಹತ್ತಿರ ಬಂದರು. ಊರಲ್ಲಿ ಕಾಗದಪತ್ರ ತಿಳಿದವನು ನಾನೇ ಎಂಬ ಹೆಮ್ಮೆ ನನಗೂ ಇತ್ತು. ಹಣದ ಕಲಮುಗಳನ್ನು ಚೆನ್ನಾಗಿ ನೋಡಿದೆ, ಕಂತು ಬರೆಸಿದೆ, ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನೀರನ್ನು ಹನ್ನೆರಡು ತಿಂಗಳೂ ಗುತ್ತಿಗೆದಾರನ ಇಷ್ಟದಂತೆ ಬಿಡತಕ್ಕದ್ದು ಎಂಬ ಒಂದು ಸಾಲಿತ್ತು. ಅದನ್ನೂ ಓದಿದೆ. ಅದರ ಅರ್ಥ ನನಗೆ ಹೊಳೆಯಲಿಲ್ಲ. ಹಿಂದೆ ಹೇಳಿದ ಆ ಮುದುಕಿಗೆ ಹೊಳೆಯಿತು. “ಹಾಗಾದರೆ ಕಗ್ಗ?” ಎಂದಳು. ಯಾರೋ ಅವಳನ್ನು ಸುಮ್ಮನಿರಿಸಿದರು. ನಾನೂ ಮುಂದಿನ ಸಾಲಿಗೆ ಹೋದೆ.

ಮೂರು ವರ್ಷ ಹಣ ಬಂತು. ನಾಲ್ಕನೆಯ ವರ್ಷ ಸಿಗಡಿ ಸತ್ತು ತೇಲಿತು, ಗುತ್ತಿಗೆದಾರ ಬರುವುದನ್ನು ಬಿಟ್ಟ. ಒಡ್ಡಿನ ಬಿರುಕನ್ನು ಮುಚ್ಚುವವರಿಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಅದು ಹರಿಯಿತು. ಆ ಬೇಸಿಗೆಗೆ ಗಜನಿಯ ಪಕ್ಕದ ನಾಲ್ಕು ಬಾವಿಗಳ ನೀರು ಉಪ್ಪಾಯಿತು. ಅದರಲ್ಲಿ ಒಂದು ಶಾಲೆಯ ಬಾವಿ. ಹುಡುಗರು ನೀರು ಕುಡಿದು ಮುಖ ಕಿವುಚುವಾಗ ನಾನು ಅವರ ಕಣ್ಣಿಗೆ ಬೀಳದೆ ಒಳಗೆ ಹೋಗುತ್ತಿದ್ದೆ.

ಬಿತ್ತೋಣವೆಂದರೆ ಊರಲ್ಲಿ ಕಗ್ಗದ ಬೀಜ ಒಂದು ಹಿಡಿ ಇರಲಿಲ್ಲ. ಮಾಣಿಕಟ್ಟಾದ ರೈತರು ಆ ತಳಿಯನ್ನು ಬಿಡದೆ ಉಳಿಸಿಕೊಂಡು ಬಂದವರು. ಅಲ್ಲಿಂದ ತಂದೆವು. ಊರವರು ಒಡ್ಡಿನ ಹರಿದ ಭಾಗಕ್ಕೆ ಕೆಸರು ಮೆತ್ತಿದರು. ಹೊರಮೈಗೆ ಕಾಂಡ್ಲಾದ ಉದ್ದ ಕೋಡುಗಳನ್ನು ಚುಚ್ಚಿದೆವು, ಆ ಗಿಡದ ಬೀಜ ತಾಯಿಗಿಡದಲ್ಲೇ ಮೊಳೆತು ಕೋಡಾಗಿ ಕೆಳಗೆ ಬೀಳುತ್ತದೆ. ಮೊದಲ ವರ್ಷ ಅರ್ಧ ಗದ್ದೆ ಸುಟ್ಟಂತೆ ಕೆಂಪಾಯಿತು, ಉಪ್ಪು ತೊಳೆದಿರಲಿಲ್ಲ. ಎರಡನೆಯ ವರ್ಷ ಪರವಾಗಿಲ್ಲ. ನೆಟ್ಟ ಕೋಡುಗಳಲ್ಲಿ ಬಹಳಷ್ಟನ್ನು ಏಡಿ ತಿಂದಿತು, ಅಲೆ ಕಿತ್ತಿತು, ದನ ಮೇಯಿತು. ಉಳಿದವು ಈಗ ಆಳೆತ್ತರ ಬಂದಿವೆ. ಬುಡದಲ್ಲಿ ಮರಿಮೀನು ಆಡುತ್ತವೆ. ಶಾಲೆಯ ಬಾವಿ ಮಾತ್ರ ಇನ್ನೂ ಸರಿಹೋಗಿಲ್ಲ.

ಅರಣ್ಯ ಇಲಾಖೆಯವರು ಹಲವು ವರ್ಷಗಳಿಂದ ಕಾಂಡ್ಲಾ ನೆಡುತ್ತ ಬಂದಿದ್ದಾರೆ. ಅಳಿವೆಯ ಎಷ್ಟೋ ಕಡೆ ಈಗ ಹಸಿರು ಕಾಣುವುದು ಅವರ ಶ್ರಮದಿಂದ. ಆದರೆ ನೆಡುವುದೊಂದೇ ಉಪಾಯವೆಂದು ತಿಳಿಯಬಾರದು. ಬಳಚಿಗೆ ಬಯಲು ಬೇಕು. ದೂರದಿಂದ ಬರುವ ಹಕ್ಕಿ ಕೊಕ್ಕು ಚುಚ್ಚುವುದು ಬಯಲು ಕೆಸರಿಗೆ. ಅಲ್ಲೂ ಗಿಡ ತುಂಬಿದರೆ ಕಾಗದದಲ್ಲಿ ಎಕರೆ ಹೆಚ್ಚಬಹುದು, ಹೆಂಗಸಿನ ಬುಟ್ಟಿ ಖಾಲಿಯಾಗುತ್ತದೆ. ಎಲ್ಲಿ ನೆಡಬೇಕೆಂಬುದನ್ನು ಬುಟ್ಟಿ ಹಿಡಿದವಳನ್ನು ಕೇಳಿ ನೆಡಬೇಕು. ಮರಳು ಎತ್ತುವ ದೋಣಿಗಳದೂ ಅದೇ ಮಾತು. ಬಳಚಿನ ನೆಲವನ್ನೇ ಅಗೆದು ಲಾರಿಗೆ ತುಂಬಿದ ಮೇಲೆ ಯಾವ ಇಲಾಖೆ ಅದನ್ನು ಮತ್ತೆ ಹಾಸಿ ಕೊಡುತ್ತದೆ?

2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರು ರಾಮ್ಸರ್ ಪಟ್ಟಿಗೆ ಸೇರಿದೆಯೆಂದು ಕೇಂದ್ರ ಸರಕಾರ ಪ್ರಕಟಿಸಿತು. ಇರಾನಿನ ರಾಮ್ಸರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗು ನೆಲಗಳನ್ನು ಗುರುತಿಸುವ ಪಟ್ಟಿ ಅದು. ನಮ್ಮ ಗದಗ ಕಡೆಯ ಮಾಗಡಿ ಕೆರೆಯೂ ಅಂದೇ ಸೇರಿತು. 6000ದಿಂದ 7500 ಕುಟುಂಬಗಳಿಗೆ ಈ ಅಳಿವೆ ಅನ್ನ ಕೊಡುತ್ತದೆಂದು ಸರಕಾರವೇ ಒಪ್ಪಿಕೊಂಡಿದೆ. 60ಕ್ಕೂ ಹೆಚ್ಚು ಬಗೆಯ ನೀರುಹಕ್ಕಿ, 80ಕ್ಕೂ ಹೆಚ್ಚು ಬಗೆಯ ಮೀನು ಇಲ್ಲಿವೆ. ಸಂತೋಷ. ಆದರೆ ಇದೇ ತದಡಿಯಲ್ಲಿ 2000ದ ದಶಕದಲ್ಲಿ 4000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಕಟ್ಟಹೊರಟಿದ್ದರು. ಜನ ಎದ್ದು ನಿಂತದ್ದರಿಂದ ಅದು ನಿಂತಿತು. ಬಳಿಕ ಬಂದರಿನ ಮಾತು ಬಂತು. ಅಘನಾಶಿನಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮಾತೂ ಬಂದಿದೆ. ನಾವು ಬಯಲುಸೀಮೆಯವರು, ನೀರಿನ ಬೆಲೆ ಗೊತ್ತಿದ್ದವರು. ಹಾಗೆಂದೇ ನಮ್ಮ ಹೆಸರಿನಲ್ಲಿ ಯಾವ ಹೊಳೆಯ ಬಾಯಿ ಒಣಗುತ್ತದೆಂದು ನಾವೇ ಮೊದಲು ಕೇಳಬೇಕು.

ಕೆಲವರು ಹೇಳುತ್ತಾರೆ, ಕಗ್ಗ ಅಷ್ಟು ಒಳ್ಳೆಯದಾದರೆ ರೈತ ಯಾಕೆ ಬಿಟ್ಟ, ಆಸೆಬುರುಕ ಎಂದು. ನನಗೆ ಉತ್ತರ ಕೊಟ್ಟವಳು ಇಪ್ಪತ್ತು ಗುಂಟೆ ಗಜನಿಯಿರುವ ಒಬ್ಬ ತಾಯಿ. “ಮಾಸ್ತರೆ, ಕಗ್ಗ ಬೆಳೆದರೆ ಮನೆಗೆ ಅಕ್ಕಿ. ಗುತ್ತಿಗೆಗೆ ಕೊಟ್ಟರೆ ಕೈಗೆ ರೊಕ್ಕ. ಮಗನನ್ನು ಆಸ್ಪತ್ರೆಗೆ ಒಯ್ದರೆ ಅವರು ಅಕ್ಕಿ ತೆಗೆದುಕೊಳ್ಳುತ್ತಾರೆಯೆ?” ಇದಕ್ಕೆ ಉತ್ತರ ಕೊಡದೆ ಹಕ್ಕಿ ಉಳಿಸಿ, ಮೀನು ಉಳಿಸಿ ಎಂದು ಅವಳಿಗೆ ಉಪದೇಶ ಮಾಡಲು ನಾನು ತಯಾರಿಲ್ಲ.

ನನಗೆ ಕಂಡದ್ದು ಇಷ್ಟು. ಗಜನಿಯ ಮೀನಿನ ಹರಾಜು ಆಗಲಿ, ಅದನ್ನು ಬೇಡವೆನ್ನಲಾಗದು. ಆದರೆ ಹರಾಜು ಕೊಯ್ಲಿನಿಂದ ಮಳೆಗಾಲದವರೆಗೆ ಮಾತ್ರ. ಮಳೆಗಾಲದಲ್ಲಿ ಹಲಗೆ ಬಿತ್ತುವವರ ಕೈಗೆ ಬರಬೇಕು. ತೂಬಿನ ಸಮಿತಿಯಲ್ಲಿ ಪಹಣಿ ಇದ್ದವರಷ್ಟೇ ಕೂತರೆ ಸಾಲದು, ಒಡ್ಡಿನ ಹೊರಗೆ ಬಲೆ ಹಾಕುವವನೂ ಬಳಚು ಹೆಕ್ಕುವವಳೂ ಕೂರಬೇಕು. ಹರಾಜಿನ ಹಣದಲ್ಲಿ ಒಂದು ಪಾಲು ಮೊದಲು ಒಡ್ಡಿಗೆ, ಆಮೇಲೆ ಹಂಚಿಕೆ. ಒಡ್ಡು ಕಟ್ಟುವ ಸರಕಾರದ ಕೆಲಸ ದೊಡ್ಡ ಕಂತ್ರಾಟುದಾರನಿಗೆ ಹೋಗದೆ ಊರವರ ಕೂಲಿಗೆ ಬಂದರೆ ಆ ತಾಯಿಗೆ ರೊಕ್ಕವೂ ಆಗುತ್ತದೆ, ಒಡ್ಡಿನ ಬಿರುಕು ಎಲ್ಲಿದೆಯೆಂದು ಊರಿಗೂ ಗೊತ್ತಿರುತ್ತದೆ. ಮೂರು ಸಲ ಅರ್ಜಿ ಕೊಟ್ಟಿದ್ದೇವೆ. ಎರಡರ ಸ್ವೀಕೃತಿ ನನ್ನ ಚೀಲದಲ್ಲಿದೆ, ಮೂರನೆಯದು ಕಳೆದುಹೋಯಿತಂತೆ.

ಇನ್ನು ನಿಮ್ಮಿಂದ ಕೇಳುವುದು. ಸಂಘದ ಗ್ರಾಹಕ ಭಂಡಾರಕ್ಕೆ ಮುಂದಿನ ಕೊಯ್ಲಿನಲ್ಲಿ ಹತ್ತು ಚೀಲ ಕಗ್ಗದ ಅಕ್ಕಿ ತರಿಸಬಹುದೆ? ಕೆಂಪು ಅಕ್ಕಿ, ದಪ್ಪ ಕಾಳು. ಸೋನಾಮಸೂರಿ ಉಂಡ ನಾಲಗೆಗೆ ಮೊದಲ ದಿನ ಒರಟು ಎನಿಸೀತು, ಹಗಲು ಪಾಳಿಯವರಿಗೆ ಮಧ್ಯಾಹ್ನದವರೆಗೆ ಹಸಿವೆ ಆಗದು ಎಂಬುದಕ್ಕೆ ನಾನು ಸಾಕ್ಷಿ. ಪೇಟೆಯ ಮಿತ್ರರಲ್ಲಿ ಒಣಮೀನು ತರಿಸುವವರು ಮೂವರಿದ್ದೀರಿ. ಎರಡು ಕೈ ದಾಟಿ ಬರುವ ಮಾಲನ್ನು ಹೊಳೆದಂಡೆಯ ಹೆಂಗಸರಿಂದ ನೇರ ಕೊಳ್ಳುವ ಲೆಕ್ಕ ನೋಡಿ, ಇಬ್ಬರಿಗೂ ಗಿಟ್ಟುತ್ತದೆ. ದರ ಮುಂಗಡ ಗೊತ್ತಾದರೆ ಅವರು ಬಿತ್ತುವ ಧೈರ್ಯ ಮಾಡುತ್ತಾರೆ. ಜೂನಿನೊಳಗೆ ಗೊತ್ತಾಗಬೇಕು, ಹಲಗೆ ಇಳಿಸುವ ಮಾತು ಆಗುವುದು ಆಗಲೇ.

ಬರುವ ಅಮಾವಾಸ್ಯೆಗೆ ನಾನು ಆ ಕಡೆ ಹೊರಟಿದ್ದೇನೆ. ಬರುವವರು ಇಂದೇ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಬಸ್ಸಿನ ಖರ್ಚು ಅವರವರದು, ಊಟ ಊರವರದು. ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೆ ಇಳಿಯಬೇಕಾದೀತು, ಒಳ್ಳೆಯ ಪಂಚೆ ಉಟ್ಟು ಬರಬೇಡಿ.